ಬಿಜಿಯೊ ತಿಂದ 285 ಏಟು: ಬೇಸ್‌ಬಾಲ್‌ನಲ್ಲಿ ಮೈಗೆ ಬಿದ್ದ ಚೆಂಡಿನ ಲೆಕ್ಕ

2005ರಲ್ಲಿ ನಾನು ಹ್ಯೂಸ್ಟನ್‌ನಲ್ಲಿ ಕೆಲಸಕ್ಕಿದ್ದೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಆ ಊರಿನವರೇ, ವಯಸ್ಸಿನಲ್ಲಿ ಹಿರಿಯರು. ಅವರ ಡ್ರಾಯರ್‌ನಲ್ಲಿ ಒಂದು ನೋಟ್‌ಬುಕ್ ಇತ್ತು. ಮೊದಲ ಪುಟದಲ್ಲಿ ಚಿಕ್ಕ ಮಕ್ಕಳು ಬರೆಯುವಂಥ ಒಬ್ಬ ಮನುಷ್ಯನ ಚಿತ್ರ. ಮೈ ತುಂಬ ಕೆಂಪು ಚುಕ್ಕೆ. ಎಡ ಮೊಣಕೈ ಹತ್ತಿರವಂತೂ ಚುಕ್ಕೆಗಳು ಒಂದರ ಮೇಲೊಂದು ಬಿದ್ದು ಒಂದೇ ಕಲೆಯಾಗಿದ್ದವು.

"ಯಾರಿಗೆ ಸಿಡುಬು?" ಎಂದು ಕೇಳಿದೆ.

"ಬಿಜಿಯೊಗೆ" ಎಂದರು. ನಕ್ಕರು. ಆಮೇಲೆ ಅರ್ಧ ಗಂಟೆ ಬಿಡಿಸಿ ಹೇಳಿದರು.

ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಕ್ರೇಗ್ ಬಿಜಿಯೊ ಅವರ ಮೈಗೆ ಚೆಂಡು ಬಿದ್ದಾಗಲೆಲ್ಲ ಆ ಚಿತ್ರದಲ್ಲಿ ಒಂದು ಚುಕ್ಕೆ ಏಳುತ್ತಿತ್ತು. ಪಕ್ಕದ ಪುಟದಲ್ಲಿ ತಾರೀಕು, ಎಸೆದವರ ಹೆಸರು, ಏಟು ಬಿದ್ದ ಜಾಗ, ಆಮೇಲೆ ರನ್ ಬಂತೋ ಇಲ್ಲವೋ ಎಂಬ ವಿವರ. ಕೊನೆಯ ಅಂಕಣದ ತಲೆಬರಹ 'ಉಜ್ಜಿಕೊಂಡರಾ?' ಅಂತ. ಅದರ ಕೆಳಗೆ ಸಾಲುಸಾಲಾಗಿ 'ಇಲ್ಲ, ಇಲ್ಲ, ಇಲ್ಲ'. ನೋಡಿದರೆ ತಮಾಷೆ ಅನಿಸುತ್ತದೆ, ನಿಜ. ಆದರೆ ಬೇಸ್‌ಬಾಲ್ ನನಗೆ ಅರ್ಥವಾಗಿದ್ದು ಆ ನೋಟ್‌ಬುಕ್‌ನಿಂದಲೇ. ಅದರ ಲೆಕ್ಕ ಹಿಡಿದು ಹೊರಟರೆ ಆಟದ ಅರ್ಧ ಗುಟ್ಟು ಬಿಚ್ಚಿಕೊಳ್ಳುತ್ತದೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಮೊದಲು ಎಡವುವುದು ಇಲ್ಲೇ. 2002ರಲ್ಲಿ ಆಂಟಿಗುವಾದಲ್ಲಿ ಬ್ಯಾಟ್ ಮಾಡುತ್ತಿದ್ದ ನಮ್ಮ ಅನಿಲ್ ಕುಂಬ್ಳೆ ಅವರ ದವಡೆಗೆ ಮರ್ವಿನ್ ಡಿಲ್ಲನ್ ಎಸೆದ ಚೆಂಡು ಬಡಿಯಿತು. ದವಡೆ ಮುರಿಯಿತು. ತಲೆಗೆ ಪಟ್ಟಿ ಸುತ್ತಿಕೊಂಡು ಬಂದು ಬೌಲ್ ಮಾಡಿ ಲಾರಾ ಅವರನ್ನು ಔಟ್ ಮಾಡಿದ್ದನ್ನು ನಾವ್ಯಾರೂ ಮರೆತಿಲ್ಲ. ಆದರೆ ಆ ಏಟಿಗೆ ಅಂತ ಸ್ಕೋರ್‌ಬೋರ್ಡ್ ಕೊಟ್ಟಿದ್ದು ಏನೂ ಇಲ್ಲ. ಕ್ರಿಕೆಟ್‌ನಲ್ಲಿ ಮೈಗೆ ಬಿದ್ದ ಚೆಂಡಿಗೆ ಪರಿಹಾರವಿಲ್ಲ. ಕಾಲಿಗೆ ಬಿದ್ದರಂತೂ ಎಲ್‌ಬಿಡಬ್ಲ್ಯು ಭಯ ಬೇರೆ.

ಬೇಸ್‌ಬಾಲ್‌ನಲ್ಲಿ ಪರಿಹಾರವಿದೆ. ಪಿಚರ್ ಎಸೆದ ಚೆಂಡು ಬ್ಯಾಟರ್ ಮೈಗೆ ತಗುಲಿದರೆ ಅವನು ಬ್ಯಾಟ್ ಕೆಳಗಿಟ್ಟು ನಡೆದುಕೊಂಡೇ ಮೊದಲ ಬೇಸ್‌ಗೆ ಹೋಗಬಹುದು. ಬೇಸ್ ಅಂದರೆ ಓಡುವವನು ನಿಲ್ಲುವ ಗುರುತು; ಮೂರೂ ಬೇಸ್ ದಾಟಿ ಹೊರಟ ಜಾಗಕ್ಕೆ ವಾಪಸ್ ಬಂದರೆ ಒಂದು ರನ್. ಓಡಬೇಕಿಲ್ಲ, ಯಾರೂ ಔಟ್ ಮಾಡುವ ಹಾಗಿಲ್ಲ. ಅಂಕಪಟ್ಟಿಯಲ್ಲಿ ಇದಕ್ಕೆ ಎಚ್‌ಬಿಪಿ ಎಂದು ಬರೆಯುತ್ತಾರೆ, ಅಂದರೆ ಹಿಟ್ ಬೈ ಪಿಚ್. ಅಭಿಮಾನಿಗಳ ಬಾಯಲ್ಲಿ ಅದು 'ಪ್ಲಂಕ್'. ಚೆಂಡು ಮೈಗೆ ಬಿದ್ದಾಗ ಬರುವ ಸದ್ದೇ ಹೆಸರಾದಂತಿದೆ.

ಏಟು ಬಿದ್ದ ಕೂಡಲೇ ಆಟ ನಿಲ್ಲುತ್ತದೆ. ಆಗಲೇ ಬೇಸ್‌ಗಳ ಮೇಲೆ ನಿಂತಿರುವವರು ಜಾಗ ಬಿಟ್ಟುಕೊಡಬೇಕಾಗಿ ಬಂದರೆ ಮಾತ್ರ ಮುಂದಿನ ಬೇಸ್‌ಗೆ ಸರಿಯುತ್ತಾರೆ. ಮೂರೂ ಬೇಸ್ ತುಂಬಿದ್ದರೆ ಮೂರನೆಯ ಬೇಸ್‌ನಲ್ಲಿದ್ದವನು ಮನೆಗೆ, ಅಂದರೆ ಹೋಮ್ ಪ್ಲೇಟ್‌ಗೆ, ಬಂದೇಬಿಡುತ್ತಾನೆ. ಒಂದು ರನ್. ಆ ರನ್ ತಂದುಕೊಟ್ಟ ಹೆಗ್ಗಳಿಕೆ ಏಟು ತಿಂದವನ ಖಾತೆಗೆ.

ಈ ನಿಯಮ ಆಟದ ಜೊತೆಗೇ ಹುಟ್ಟಿದ್ದಲ್ಲ. ಅಮೆರಿಕದ ದೊಡ್ಡ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್ ಇದನ್ನು ಒಪ್ಪಿಕೊಂಡಿದ್ದು 1887ರಲ್ಲಿ. ಅಲ್ಲಿಯವರೆಗೆ ಆ ಲೀಗ್‌ನಲ್ಲಿ ಬ್ಯಾಟರ್ ಪಾಡು ನಮ್ಮ ಕ್ರಿಕೆಟಿಗರ ಪಾಡೇ. ನೋವು ನುಂಗಿಕೊಂಡು ಮತ್ತೆ ನಿಲ್ಲಬೇಕಿತ್ತು.

ಈಗ ಆ ನೋವು ಎಂಥದ್ದು ನೋಡೋಣ. ಚೆಂಡಿನ ತೂಕ 142ರಿಂದ 149 ಗ್ರಾಂ. ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ. ಆದರೆ ಅದು ನೆಲಕ್ಕೆ ತಾಗಿ ವೇಗ ಕಳೆದುಕೊಂಡು ಬರುವುದಿಲ್ಲ, ನೇರ ಬರುತ್ತದೆ. ಪಿಚರ್ ನಿಲ್ಲುವ ಪಟ್ಟಿಯಿಂದ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಈ ದೂರ ಮುಗಿಸುವುದಕ್ಕೆ ಸುಮಾರು 0.4 ಸೆಕೆಂಡ್ ಸಾಕು. ಕಣ್ಣು ಮಿಟುಕಿಸುವಷ್ಟರಲ್ಲಿ ಚೆಂಡನ್ನು ನೋಡಬೇಕು, ಹೊಡೆಯುವುದೋ ಬಿಡುವುದೋ ತೀರ್ಮಾನಿಸಬೇಕು, ಅದು ಮೈಮೇಲೆ ಬರುತ್ತಿದ್ದರೆ ತಪ್ಪಿಸಿಕೊಳ್ಳಬೇಕು.

ಹಾಗಾದರೆ ದೂರ ನಿಂತರಾಯಿತು, ಅಲ್ವಾ? ಆಗುವುದಿಲ್ಲ. ಹೋಮ್ ಪ್ಲೇಟ್ 17 ಇಂಚು ಅಗಲ. ಅದರ ಆಚೆ ಅಂಚಿನ ಮೇಲೆ ಹಾದುಹೋಗುವ ಚೆಂಡೂ ಸರಿಯಾದ ಎಸೆತವೇ. ದೂರ ನಿಂತವನ ಬ್ಯಾಟ್ ಅಲ್ಲಿಗೆ ಎಟುಕುವುದಿಲ್ಲ. ಮೂರು ಸಲ ಹಾಗಾದರೆ ಔಟ್. ಬ್ಯಾಟರ್ ನಿಲ್ಲುವ ಚೌಕದ ಗೆರೆ ಪ್ಲೇಟ್‌ನಿಂದ ಕೇವಲ 6 ಇಂಚು ದೂರದಲ್ಲಿದೆ. ಆ ಗೆರೆಗೇ ಅಂಟಿ ನಿಂತು ಮುಂದಕ್ಕೆ ಬಾಗಿದರೆ ಆಚೆ ಅಂಚಿನ ಚೆಂಡೂ ಕೈಗೆ ಸಿಗುತ್ತದೆ. ಆದರೆ ಮೊಣಕೈ ಪ್ಲೇಟ್‌ನ ಮೇಲೆಯೇ ಬಂದು ಕೂರುತ್ತದೆ.

ಪಿಚರ್ ಸುಮ್ಮನಿರುತ್ತಾನಾ? ಇಲ್ಲ. ಬ್ಯಾಟರ್‌ನನ್ನು ಹಿಂದಕ್ಕೆ ಸರಿಸಲು ಒಳಗಡೆ, ಎದೆಯ ಹತ್ತಿರ ಎಸೆಯುತ್ತಾನೆ. ಬ್ಯಾಟರ್ ಹೆದರಿ ಅರ್ಧ ಅಡಿ ಹಿಂದೆ ಸರಿದರೆ ಪಿಚರ್ ಗೆದ್ದ. ಸರಿಯದಿದ್ದರೆ ಬ್ಯಾಟರ್ ಗೆದ್ದ, ಆದರೆ ಮೈಮೇಲೆ ಬರೆ ಬೀಳುತ್ತದೆ. ಇಬ್ಬರ ಜಗಳ ಆ ಕೆಲವು ಇಂಚು ಜಾಗಕ್ಕೆ. ಹೊಲದ ಬದುವಿನ ತಕರಾರು ನೋಡಿದವರಿಗೆ ಇದು ಹೊಸದೇನಲ್ಲ. ನೋಟ್‌ಬುಕ್‌ನ ಚಿತ್ರದಲ್ಲಿ ಎಡ ಮೊಣಕೈ ಕೆಂಪಾಗಿದ್ದಕ್ಕೂ ಇದೇ ಕಾರಣ. ಬಿಜಿಯೊ ಬಲಗೈ ಬ್ಯಾಟರ್. ಪಿಚರ್ ಕಡೆಗಿರುವುದು ಎಡ ಮೊಣಕೈ. ಅವರು ಅಲ್ಲಿಗೆ ದಪ್ಪನೆಯ ರಕ್ಷಾಕವಚ ಕಟ್ಟಿಕೊಂಡು, ಗೆರೆಗೆ ಒತ್ತಿ ನಿಲ್ಲುತ್ತಿದ್ದರು.

ಹಾಗಂತ ಮೈಗೆ ಚೆಂಡು ತಗುಲಿದ ಕೂಡಲೇ ಬೇಸ್ ಸಿಗುವುದಿಲ್ಲ. ಮೂರು ಷರತ್ತು ಇವೆ. ಬ್ಯಾಟರ್ ಆ ಚೆಂಡನ್ನು ಹೊಡೆಯಲು ಬ್ಯಾಟ್ ಬೀಸಿರಬಾರದು. ಬೀಸಿದ್ದರೆ ಏಟು ಬಿದ್ದರೂ ಅದು ಸ್ಟ್ರೈಕ್, ಅಂದರೆ ಬ್ಯಾಟರ್ ಲೆಕ್ಕಕ್ಕೆ ಒಂದು ತಪ್ಪು. ಎರಡನೆಯದು, ಚೆಂಡು ಸ್ಟ್ರೈಕ್ ಝೋನ್, ಅಂದರೆ ಸರಿಯಾದ ಎಸೆತ ಹಾದುಹೋಗಬೇಕಾದ ಜಾಗದ, ಒಳಗಿದ್ದಾಗ ಮೈಗೆ ತಗುಲಿರಬಾರದು. ಸರಿಯಾದ ಎಸೆತಕ್ಕೆ ಮೈ ಅಡ್ಡ ಹಿಡಿದರೆ ಅದೂ ಸ್ಟ್ರೈಕೇ. ಮೂರನೆಯದೇ ಎಲ್ಲ ಜಗಳಕ್ಕೂ ಮೂಲ: ಬ್ಯಾಟರ್ ತಪ್ಪಿಸಿಕೊಳ್ಳಲು ಪ್ರಯತ್ನಪಟ್ಟಿರಬೇಕು.

ನಮ್ಮ ಲೆಗ್ ಬೈ ನಿಯಮ ನೆನಪಿಗೆ ಬರುತ್ತದೆ. ಅಲ್ಲೂ ಬ್ಯಾಟರ್ ಹೊಡೆಯಲು ಅಥವಾ ಚೆಂಡಿನಿಂದ ತಪ್ಪಿಸಿಕೊಳ್ಳಲು ಯತ್ನಿಸಿರಬೇಕು. ಸುಮ್ನೆ ಕಾಲು ಒಡ್ಡಿದರೆ ರನ್ ಇಲ್ಲ. ಎರಡು ಆಟಗಳೂ ಬೇರೆಬೇರೆ ದಾರಿಯಲ್ಲಿ ನಡೆದು ಒಂದೇ ಪ್ರಶ್ನೆಗೆ ಬಂದು ನಿಂತಿರುವುದು ನನಗೆ ಬಹಳ ಇಷ್ಟ. 0.4 ಸೆಕೆಂಡ್‌ನಲ್ಲಿ ಒಬ್ಬ ಮನುಷ್ಯ ತಪ್ಪಿಸಿಕೊಳ್ಳಲು ಯತ್ನಿಸಿದನೋ ಇಲ್ಲವೋ ಎಂದು ಇನ್ನೊಬ್ಬ ಹೇಗೆ ಹೇಳಬೇಕು? ಹೆಚ್ಚಿನ ಅಂಪೈರ್‌ಗಳು ಅನುಮಾನದ ಲಾಭವನ್ನು ಏಟು ತಿಂದವನಿಗೇ ಕೊಡುತ್ತಾರೆ.

ಕೊಡದಿದ್ದ ಒಂದು ದಿನ ಇತಿಹಾಸಕ್ಕೆ ಸೇರಿಹೋಗಿದೆ. 1968ರ ಮೇ 31. ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಪಿಚರ್ ಡಾನ್ ಡ್ರೈಸ್‌ಡೇಲ್ ಸತತ ನಾಲ್ಕು ಪಂದ್ಯಗಳಲ್ಲಿ ಒಂದೂ ರನ್ ಕೊಟ್ಟಿರಲಿಲ್ಲ. ಐದನೆಯದರಲ್ಲಿ, ಒಂಬತ್ತನೇ ಇನಿಂಗ್ಸ್‌ನಲ್ಲಿ (ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್), ಮೂರೂ ಬೇಸ್ ತುಂಬಿತ್ತು. ಒಬ್ಬರೂ ಔಟಾಗಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಡಿಕ್ ಡೀಟ್ಜ್ ಮೈಗೆ ಚೆಂಡು ಬಿತ್ತು. ಅಂದರೆ ರನ್, ದಾಖಲೆ ಮುಗಿಯಿತು. ಆದರೆ ಅಂಪೈರ್ ಹ್ಯಾರಿ ವೆಂಡೆಲ್‌ಸ್ಟೆಟ್ ಕೈ ಅಡ್ಡ ಹಿಡಿದರು: ಡೀಟ್ಜ್ ತಪ್ಪಿಸಿಕೊಳ್ಳಲು ಯತ್ನಿಸಲೇ ಇಲ್ಲ, ವಾಪಸ್ ಬಂದು ಆಡಲಿ. ಜೈಂಟ್ಸ್‌ನವರು ಕೂಗಾಡಿದರು. ಡೀಟ್ಜ್ ಮತ್ತೆ ಆಡಿ ಕ್ಯಾಚ್ ಕೊಟ್ಟರು. ಡ್ರೈಸ್‌ಡೇಲ್ ಆ ಪಂದ್ಯದಲ್ಲೂ ರನ್ ಕೊಡಲಿಲ್ಲ. ರನ್ ಕೊಡದೆ ಒಟ್ಟು 58 ಇನಿಂಗ್ಸ್ ದಾಟಿದ ಆ ದಾಖಲೆ 1988ರವರೆಗೆ ನಿಂತಿತ್ತು.

ಇದರ ತದ್ವಿರುದ್ಧ ಕಥೆ 2015ರ ಜೂನ್ 20ರದು. ವಾಷಿಂಗ್ಟನ್‌ನ ಮ್ಯಾಕ್ಸ್ ಶೆರ್ಜರ್ ಪಿಟ್ಸ್‌ಬರ್ಗ್ ವಿರುದ್ಧ ಸಾಲಾಗಿ 26 ಬ್ಯಾಟರ್‌ಗಳನ್ನು ಔಟ್ ಮಾಡಿದ್ದರು. ಇನ್ನೊಬ್ಬ ಔಟಾದರೆ ಪರ್ಫೆಕ್ಟ್ ಗೇಮ್, ಅಂದರೆ ಎದುರಾಳಿಗಳಲ್ಲಿ ಒಬ್ಬರೂ ಬೇಸ್ ಮುಟ್ಟದ ಪಂದ್ಯ. ಇಪ್ಪತ್ತೇಳನೆಯವರಾಗಿ ಬಂದ ಹೊಸೆ ತಬಾಟಾಗೆ ಆಗಲೇ ಎರಡು ಸ್ಟ್ರೈಕ್ ಆಗಿತ್ತು. ಮುಂದಿನ ಚೆಂಡು ಅವರ ಮೊಣಕೈಗೆ ತಗುಲಿತು. ಮೊಣಕೈ ತಾನಾಗಿಯೇ ಚೆಂಡಿನ ಕಡೆ ಇಳಿಯಿತೇ ಎಂದು ಇಂದಿಗೂ ವಾದ ಮಾಡುತ್ತಾರೆ. ಅಂಪೈರ್ ಬೇಸ್ ಕೊಟ್ಟರು. ಪರ್ಫೆಕ್ಟ್ ಗೇಮ್ ಹೋಯಿತು. ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಕೊಡದ ಪಂದ್ಯವೆಂಬ ಹೆಸರು ಮಾತ್ರ ಉಳಿಯಿತು. ನಾನಾಗಿದ್ದರೂ ಬೇಸ್ ಕೊಡುತ್ತಿದ್ದೆ. ಯಾವ ದಾಖಲೆ ಹತ್ತಿರದಲ್ಲಿದೆ ಎಂದು ನೋಡಿ ನಿಯಮ ಬಿಗಿ ಮಾಡುವುದು ಸರಿಯಲ್ಲ.

ತಗುಲುವುದು ಅಂದರೆ ಬಟ್ಟೆಗೆ, ಶೂಗೆ ತಗುಲಿದರೂ ಆಯಿತು. ಅಲ್ಲಿಂದಲೇ ಬೇಸ್‌ಬಾಲ್‌ನ ಅತ್ಯಂತ ಮುದ್ದಾದ ಕಥೆ ಬರುತ್ತದೆ. 1957ರ ವರ್ಲ್ಡ್ ಸೀರೀಸ್‌ನ, ಅಂದರೆ ವರ್ಷದ ಫೈನಲ್ ಸರಣಿಯ, ನಾಲ್ಕನೇ ಪಂದ್ಯ. ಮಿಲ್ವಾಕಿ ಬ್ರೇವ್ಸ್‌ನ ನಿಪ್ಪಿ ಜೋನ್ಸ್ ಚೆಂಡು ತನ್ನ ಕಾಲಿಗೆ ತಾಗಿತೆಂದರು, ಅಂಪೈರ್ ಒಪ್ಪಲಿಲ್ಲ. ಚೆಂಡು ತಂದು ತೋರಿಸಿದಾಗ ಅದರ ಮೇಲೆ ಶೂ ಪಾಲಿಶ್ ಕಲೆ. ಬೇಸ್ ಸಿಕ್ಕಿತು, ಬ್ರೇವ್ಸ್ ಪಂದ್ಯ ಗೆದ್ದರು. ಹನ್ನೆರಡು ವರ್ಷದ ನಂತರ, 1969ರ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯದಲ್ಲಿ ಅದೇ ಕಥೆ. ಈ ಸಲ ನ್ಯೂಯಾರ್ಕ್ ಮೆಟ್ಸ್‌ನ ಕ್ಲಿಯಾನ್ ಜೋನ್ಸ್. ಮ್ಯಾನೇಜರ್ ಗಿಲ್ ಹಾಡ್ಜಸ್ ಪಾಲಿಶ್ ಅಂಟಿದ ಚೆಂಡು ಹಿಡಿದು ಮೈದಾನಕ್ಕೆ ನಡೆದು ಬಂದರು. ಅಂಪೈರ್ ಮಾತು ಬದಲಿಸಿದರು. ಮುಂದಿನ ಬ್ಯಾಟರ್ ಡಾನ್ ಕ್ಲೆಂಡೆನನ್ ಹೋಮ್ ರನ್ ಹೊಡೆದರು, ಅಂದರೆ ಚೆಂಡನ್ನು ಮೈದಾನದಾಚೆ ಅಟ್ಟಿದರು. ಮೆಟ್ಸ್ ಆ ದಿನವೇ ಸೀರೀಸ್ ಗೆದ್ದರು. ಇಬ್ಬರ ಹೆಸರೂ ಜೋನ್ಸ್! ಶೂಗೆ ಪಾಲಿಶ್ ಹಚ್ಚಿಕೊಟ್ಟ ಹುಡುಗರಿಗೂ ಒಂದು ಪದಕ ಸಲ್ಲಬೇಕು.

ಇನ್ನು ನೋಟ್‌ಬುಕ್‌ನವರು ಯಾಕೆ ಇದನ್ನು ಇಷ್ಟು ಪ್ರೀತಿಯಿಂದ ಎಣಿಸುತ್ತಿದ್ದರು ಎಂಬ ಮಾತು. ಏಟಿಗೂ ಬೆಲೆಯಿದೆ. ಆ ಬೆಲೆಯನ್ನು ಲೆಕ್ಕ ಹಾಕಬಹುದು. ಬಿಜಿಯೊ ಅವರ 1997ರ ಸೀಸನ್ ತೆಗೆದುಕೊಳ್ಳಿ. 619 ಅಧಿಕೃತ ಸರದಿಗಳಲ್ಲಿ (ಏಟು ತಿಂದ, ಬೇಸ್ ಬಿಟ್ಟಿ ಸಿಕ್ಕ ಸರದಿಗಳು ಇದಕ್ಕೆ ಸೇರುವುದಿಲ್ಲ) 191 ಹಿಟ್. ಸರಾಸರಿ 0.309. ಬೇಸ್‌ಬಾಲ್‌ನಲ್ಲಿ ಇದು ಒಳ್ಳೆಯ ಸಂಖ್ಯೆ. ಆದರೆ ಆಟ ಗೆಲ್ಲಿಸುವ ನಿಜವಾದ ಪ್ರಶ್ನೆ ಬೇರೆ: ಔಟಾಗದೆ ಎಷ್ಟು ಸಲ ಬೇಸ್ ತಲುಪಿದರು? ಹಿಟ್ 191. ಪಿಚರ್ ನಾಲ್ಕು ಕೆಟ್ಟ ಚೆಂಡು ಎಸೆದು ಬೇಸ್ ಬಿಟ್ಟುಕೊಟ್ಟಿದ್ದು 84 ಸಲ. ಮೈಗೆ ಏಟು 34. ಒಟ್ಟು 309. ಬ್ಯಾಟ್ ಹಿಡಿದು ನಿಂತಿದ್ದು 744 ಸಲ. 309ನ್ನು 744ರಿಂದ ಭಾಗಿಸಿದರೆ 0.415.

ಈಗ ಆ 34 ಏಟುಗಳನ್ನು ಅಳಿಸಿ ನೋಡಿ. 710 ಸಲದಲ್ಲಿ 275. ಅಂದರೆ 0.387. ಎರಡರ ನಡುವಿನ ಅಂತರ ಸಣ್ಣದಲ್ಲ. ಒಳ್ಳೆಯ ಬ್ಯಾಟರ್‌ನನ್ನು ಅಗ್ರಗಣ್ಯನನ್ನಾಗಿ ಮಾಡುವ ಅಂತರ ಅದು. ಆ ವರ್ಷ ಅವರು 146 ರನ್ ಗಳಿಸಿದರು. ಲೀಗ್‌ನಲ್ಲೇ ಜಾಸ್ತಿ. ತಂಡದ ಮೊದಲ ಬ್ಯಾಟರ್ ಕೆಲಸವೇ ಬೇಸ್ ಮೇಲೆ ಹೋಗಿ ನಿಲ್ಲುವುದು. ಹೇಗೆ ಹೋದ ಎಂದು ಆಮೇಲೆ ಹೋಮ್ ರನ್ ಹೊಡೆಯುವವನು ಕೇಳುವುದಿಲ್ಲ.

ಈ ಕೆಲಸದಲ್ಲಿ ಅವರಿಗೆ ಹಿರಿಯರಿದ್ದರು. ಎಲ್ಲರಿಗೂ ಮೇಲೆ ಹ್ಯೂಯಿ ಜೆನಿಂಗ್ಸ್. 1890ರ ದಶಕದ ಬಾಲ್ಟಿಮೋರ್ ಓರಿಯಲ್ಸ್ ತಂಡದವರು. 1896ರ ಒಂದೇ ಸೀಸನ್‌ನಲ್ಲಿ 51 ಏಟು. ಜೀವಮಾನದಲ್ಲಿ 287. ಆಗ ಹೆಲ್ಮೆಟ್ ಇಲ್ಲ, ಮೊಣಕೈ ಕವಚವೂ ಇಲ್ಲ. ಆಮೇಲೆ ರಾನ್ ಹಂಟ್. 1971ರಲ್ಲಿ ಮಾಂಟ್ರಿಯಲ್ ಪರ ಆಡುತ್ತಾ 50 ಏಟು ತಿಂದರು. ಏಳು ವರ್ಷ ಸತತವಾಗಿ ಲೀಗ್‌ನಲ್ಲಿ ಅವರದೇ ಮೊದಲ ಸ್ಥಾನ. ಕೆಲವರು ದೇಹವನ್ನು ವಿಜ್ಞಾನಕ್ಕೆ ಕೊಡುತ್ತಾರೆ, ನಾನು ಬೇಸ್‌ಬಾಲ್‌ಗೆ ಕೊಟ್ಟೆ ಎಂದವರು ಅವರು. ಅವರ ಒಟ್ಟು ಲೆಕ್ಕ 243. ಅದನ್ನು ದಾಟಿದವರು ಡಾನ್ ಬೇಲರ್, 267. ಗಟ್ಟಿಮುಟ್ಟು ಆಳು. ಚೆಂಡು ಬಿದ್ದ ಜಾಗ ಉಜ್ಜಿಕೊಳ್ಳದೆ ಮೊದಲ ಬೇಸ್‌ಗೆ ನಡೆಯುವುದಕ್ಕೇ ಅವರು ಪ್ರಸಿದ್ಧ. ನೋಟ್‌ಬುಕ್‌ನ ಕೊನೆಯ ಅಂಕಣ ಅವರ ನೆನಪಿಗೆ ಹಾಕಿದ್ದಂತೆ.

ನಗುತ್ತಾ ಎಣಿಸುವವರೂ ಮರೆಯಬಾರದ ಒಂದು ಹೆಸರಿದೆ. ರೇ ಚಾಪ್‌ಮನ್. 1920ರ ಆಗಸ್ಟ್ 16ರಂದು ನ್ಯೂಯಾರ್ಕ್‌ನಲ್ಲಿ ಕ್ಲೀವ್‌ಲ್ಯಾಂಡ್ ಪರ ಆಡುತ್ತಿದ್ದ ಅವರ ತಲೆಗೆ ಯಾಂಕೀಸ್‌ನ ಕಾರ್ಲ್ ಮೇಸ್ ಎಸೆದ ಚೆಂಡು ಬಡಿಯಿತು. ಮರುದಿನ ತೀರಿಕೊಂಡರು. ಆಗ ಒಂದೇ ಚೆಂಡು ಮಣ್ಣು ಮೆತ್ತಿ ಕಪ್ಪಾಗುವವರೆಗೂ ನಡೆಯುತ್ತಿತ್ತು. ಸಂಜೆಯ ಬೆಳಕಿನಲ್ಲಿ ಕಾಣುವುದೇ ಕಷ್ಟ. ಆ ಸಾವಿನ ನಂತರ ಕೊಳೆಯಾದ ಚೆಂಡು ಬದಲಿಸುವುದರಲ್ಲಿ ಅಂಪೈರ್‌ಗಳು ಬಿಗಿಯಾದರು. ಆದರೆ ಮೇಜರ್ ಲೀಗ್‌ನಲ್ಲಿ ಹೆಲ್ಮೆಟ್ ಕಡ್ಡಾಯವಾಗಿದ್ದು 1971ರಲ್ಲಿ, ಅರ್ಧ ಶತಮಾನದ ಮೇಲೆ. ಅದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ಇಲ್ಲಿ ನಾರಿ ಕಂಟ್ರಾಕ್ಟರ್ ಅವರ ನೆನಪಾಗದೆ ಇರದು. 1962ರಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಚೆಂಡು ತಲೆಗೆ ಬಡಿದಾಗ ಅವರಿಗೂ ಹೆಲ್ಮೆಟ್ ಇರಲಿಲ್ಲ. ಜೀವ ಉಳಿಯಿತು, ಟೆಸ್ಟ್ ಆಟ ಮುಗಿಯಿತು. ನೋಟ್‌ಬುಕ್‌ನ ಚಿತ್ರದಲ್ಲಿ ತಲೆಗೆ ಬಿದ್ದ ಏಟಿಗೆ ಚುಕ್ಕೆ ಇಡುತ್ತಿರಲಿಲ್ಲ. "ತಲೆ ಆಟದ ಲೆಕ್ಕಕ್ಕಿಲ್ಲ" ಎನ್ನುತ್ತಿದ್ದರು ಹಿರಿಯರು. ಅಂಥದ್ದನ್ನು ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಬರೆದಿಡುತ್ತಿದ್ದರು, ಅಷ್ಟೇ.

ಈಗ 2005. ಆ ಸೀಸನ್ ಶುರುವಾದಾಗ ಬಿಜಿಯೊ ಲೆಕ್ಕ 256. ಬೇಲರ್ ಅವರ 267 ದಾಟಲು ಇನ್ನು ಹನ್ನೆರಡು ಬೇಕು. 1900ರ ಈಚೆಗೆ ಅದೇ ದೊಡ್ಡ ಸಂಖ್ಯೆ. ಆಫೀಸಿನಲ್ಲಿ ಬೆಳಿಗ್ಗೆ ಕಾಫಿ ಜೊತೆ ಮೊದಲ ಮಾತು ಅದೇ ಆಯಿತು. ಹೋಮ್ ರನ್ ದಾಖಲೆಗೆ ಕಾಯುವುದು ಸುಲಭ, ಹೊಡೆಯಲಿ ಎಂದು ಹರಕೆ ಹೊರಬಹುದು. ಇಲ್ಲಿ ಏನೆಂದು ಬೇಡಿಕೊಳ್ಳುವುದು? "ಮೆತ್ತಗೆ ಬೀಳಲಿ" ಎನ್ನುತ್ತಿದ್ದರು ಹಿರಿಯರು.

ಜೂನ್ 29. ಡೆನ್ವರ್‌ನಲ್ಲಿ ಕೊಲರಾಡೊ ರಾಕೀಸ್ ವಿರುದ್ಧ ಪಂದ್ಯ. ಪಿಚರ್ ಕೊರಿಯಾದ ಬ್ಯುಂಗ್ ಹ್ಯುನ್ ಕಿಮ್. ಚೆಂಡು ಸೀದಾ ಆ ಮೊಣಕೈ ಕವಚಕ್ಕೇ ಬಂತು. 268. ಬಿಜಿಯೊ ಎಂದಿನಂತೆ ಮೊದಲ ಬೇಸ್‌ಗೆ ನಡೆದರು. ಇಷ್ಟು ಏಟು ತಿಂದರೂ ಪಿಚರ್ ಮೇಲೆ ಏರಿಹೋಗದ ಮನುಷ್ಯ ಅವರು. ಆ ಕವಚ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್, ಅಂದರೆ ಬೇಸ್‌ಬಾಲ್ ದಿಗ್ಗಜರ ಗೌರವಕ್ಕಿರುವ ಸಂಗ್ರಹಾಲಯ, ಸೇರಿತು. ಹತ್ತು ವರ್ಷದ ಮೇಲೆ, 2015ರಲ್ಲಿ, 3,060 ಹಿಟ್‌ಗಳ ಗೌರವದೊಂದಿಗೆ ಅದರ ಒಡೆಯರೂ ಅಲ್ಲಿಗೆ ಸೇರಿದರು.

ಅದೇ 2005ರಲ್ಲಿ ಆಸ್ಟ್ರೋಸ್ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ತಲುಪಿತು. ಎದುರಾಳಿ ಶಿಕಾಗೊ ವೈಟ್ ಸಾಕ್ಸ್. ಎರಡನೇ ಪಂದ್ಯ, ಏಳನೇ ಇನಿಂಗ್ಸ್, ಹ್ಯೂಸ್ಟನ್ 4–2 ಮುಂದೆ. ಶಿಕಾಗೊದ ಇಬ್ಬರು ಬೇಸ್‌ಗಳ ಮೇಲಿದ್ದರು, ಇಬ್ಬರು ಔಟಾಗಿದ್ದರು. ಜರ್ಮೇನ್ ಡೈ ಬ್ಯಾಟ್ ಮಾಡುತ್ತಿದ್ದರು. ಒಳಗೆ ಬಂದ ಚೆಂಡು ಎಲ್ಲಿಗೋ ತಗುಲಿತು. ಅಂಪೈರ್ ಮೈಗೆ ತಗುಲಿತು ಎಂದು ಬೇಸ್ ಕೊಟ್ಟರು. ಆದರೆ ಟಿವಿಯಲ್ಲಿ ಮತ್ತೆ ತೋರಿಸಿದಾಗ ಸ್ಪಷ್ಟವಾಗಿ ಕಂಡಿತು, ತಗುಲಿದ್ದು ಬ್ಯಾಟ್‌ಗೆ. ಡೈ ಕೂಡ ಆಮೇಲೆ ಅದನ್ನು ಒಪ್ಪಿಕೊಂಡರು. ಮೂರೂ ಬೇಸ್ ತುಂಬಿತು. ಪಿಚರ್ ಬದಲಾದರು. ಹೊಸಬರ ಮೊದಲ ಚೆಂಡನ್ನೇ ಪಾಲ್ ಕೊನೆರ್ಕೊ ಗ್ಯಾಲರಿಗೆ ಅಟ್ಟಿದರು. ನಾಲ್ಕು ರನ್. ಹ್ಯೂಸ್ಟನ್ ಒಂಬತ್ತನೇ ಇನಿಂಗ್ಸ್‌ನಲ್ಲಿ ಸಮ ಮಾಡಿದರೂ ಕೊನೆಗೆ 7–6ರಿಂದ ಸೋತಿತು. ಸೀರೀಸ್ ಕೂಡ 4–0 ಆಗಿ ಕೈತಪ್ಪಿತು. ಈಗಾಗಿದ್ದರೆ ವಿಡಿಯೊ ನೋಡಿ ಆ ತೀರ್ಪು ಬದಲಿಸುತ್ತಿದ್ದರು. ಆ ಅವಕಾಶ ಬಂದಿದ್ದು 2014ರಲ್ಲಿ.

ಆ ಎರಡನೇ ಪಂದ್ಯದ ಮರುದಿನ ಆಫೀಸಿನಲ್ಲಿ ಹಿರಿಯರು ಮಾತಾಡಲಿಲ್ಲ. ವರ್ಷವಿಡೀ ನಿಜವಾದ ಏಟುಗಳನ್ನು ಒಂದೊಂದಾಗಿ ಬರೆದಿಟ್ಟ ಮನುಷ್ಯ. ಅವರ ತಂಡವನ್ನು ಸೋಲಿಸಿದ್ದು ಬೀಳದೇ ಇದ್ದ ಒಂದು ಏಟು. ನೋಟ್‌ಬುಕ್‌ನಲ್ಲಿ ಆ ದಿನದ ಸಾಲಿಗೆ ಡೈ ಹೆಸರು ಬರೆದು, ಜಾಗದ ಅಂಕಣದಲ್ಲಿ 'ಬ್ಯಾಟ್' ಎಂದು ಬರೆದಿದ್ದರು. ಏಟು ತಿಂದವರ ಲೆಕ್ಕದಲ್ಲಿ ಬೇರೆ ತಂಡದವರ ಹೆಸರು ಆ ಪುಸ್ತಕದಲ್ಲಿ ಬಂದಿದ್ದು ಅದೊಂದೇ ಸಲ.

ಆಮೇಲೆ ಗುರಿ ಜೆನಿಂಗ್ಸ್ ಅವರ 287. 2005ರ ಕೊನೆಗೆ ಬಿಜಿಯೊ 273. 2006ರಲ್ಲಿ ಒಂಬತ್ತು, ಅಂದರೆ 282. ಇನ್ನು ಐದು ಬಿದ್ದರೆ ಸಮ. ಹಿರಿಯರು ಹೊಸ ಪುಟ ತೆಗೆದು ಸ್ಕೇಲ್ ಹಿಡಿದು 287 ಚೌಕ ಎಳೆದರು. ಹಳೆಯದನ್ನೆಲ್ಲ ಅದರೊಳಗೆ ಕೆಂಪು ತುಂಬಿದರು. 2007 ಬಿಜಿಯೊ ಅವರ ಕೊನೆಯ ಸೀಸನ್. ವಯಸ್ಸು 41. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅವರಿಗೆ ಬಿದ್ದ ಏಟು ಮೂರು.

ನಾನು ಊರಿಗೆ ಹೊರಡುವ ಮುಂಚೆ ಆ ಪುಟವನ್ನು ಇನ್ನೊಮ್ಮೆ ತೋರಿಸಿದರು. ಕೆಳಗಿನ ಸಾಲಿನ ಕೊನೆಯಲ್ಲಿ ಎರಡು ಚೌಕ ಬಿಳಿಯಾಗಿಯೇ ಇದ್ದವು.